ಬಾಸ್ಟನ್ ಲೈಬ್ರರಿಯ ಗೋಡೆಯ ತಕರಾರು

1922ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಶಾಸನಸಭೆ ಒಂದು ವಿಚಿತ್ರ ಕಾನೂನು ಪಾಸು ಮಾಡಿತು. ಬಾಸ್ಟನ್ ಸಾರ್ವಜನಿಕ ಗ್ರಂಥಾಲಯದ ಗೋಡೆಯಲ್ಲಿದ್ದ ಒಂದು ಚಿತ್ರವನ್ನು ಸರ್ಕಾರ ವಶಕ್ಕೆ ತೆಗೆದುಕೊಳ್ಳಬೇಕು ಅಂತ. ರಸ್ತೆ ಅಗಲ ಮಾಡಲು ಜಮೀನು ಪಡೆಯುವಾಗ ಬಳಸುವ ಸ್ವಾಧೀನದ ಅಧಿಕಾರ ಇದೆಯಲ್ಲ, ಅದನ್ನೇ ಒಂದು ಕ್ಯಾನ್ವಾಸಿನ ಮೇಲೆ ಹೂಡಿದ್ದರು. ಆ ಚಿತ್ರ ಬರೆದವರು ಸಾಮಾನ್ಯರಲ್ಲ. ಆ ಕಾಲದ ಅತಿ ಹೆಸರುವಾಸಿ ಅಮೆರಿಕನ್ ಚಿತ್ರಕಾರರಲ್ಲಿ ಒಬ್ಬರಾದ ಜಾನ್ ಸಿಂಗರ್ ಸಾರ್ಜೆಂಟ್.

ಲೈಬ್ರರಿಯಲ್ಲಿ ಕಲೆ ಇರಬೇಕಾ ಅಂತ ಕೇಳಿದರೆ ಎಲ್ಲರೂ ಹೂಂ ಅನ್ನುತ್ತಾರೆ. ಯಾವ ಕಲೆ, ಯಾವ ಗೋಡೆಯ ಮೇಲೆ, ತೀರ್ಮಾನ ಮಾಡಿದ್ದು ಯಾರು ಅಂತ ಕೇಳಿದಾಗಲೇ ಮಾತು ತಡವರಿಸುವುದು. ಬಾಸ್ಟನ್ನಿನಲ್ಲಿ ಈ ಎಲ್ಲ ಪ್ರಶ್ನೆಗಳೂ ಒಂದೇ ಕಟ್ಟಡದೊಳಗೆ ಎದ್ದವು. ಅದಕ್ಕೇ ಈ ಪ್ರಕರಣವನ್ನು ಸ್ವಲ್ಪ ಉದ್ದಕ್ಕೆ ಹೇಳುತ್ತೇನೆ.

ಅರಮನೆಯಂಥ ಲೈಬ್ರರಿ

ಬಾಸ್ಟನ್ ಗ್ರಂಥಾಲಯ ಶುರುವಾಗಿದ್ದು 1848ರಲ್ಲಿ. ಊರಿನ ಹಣದಲ್ಲಿ ನಡೆಯುವ, ಯಾರು ಬೇಕಾದರೂ ಬಿಟ್ಟಿಯಾಗಿ ಬಳಸಬಹುದಾದ ದೊಡ್ಡ ನಗರ ಗ್ರಂಥಾಲಯ ಅಮೆರಿಕದಲ್ಲಿ ಇದೇ ಮೊದಲು. 1852ರಲ್ಲಿ ಲಂಡನ್ನಿನಲ್ಲಿದ್ದ ಬ್ಯಾಂಕರ್ ಜೋಶುವಾ ಬೇಟ್ಸ್ ಇದಕ್ಕೆ 50,000 ಡಾಲರ್ ಕೊಡಲು ಮುಂದೆ ಬಂದರು. ಹುಡುಗನಾಗಿದ್ದಾಗ ಪುಸ್ತಕ ಕೊಳ್ಳಲು ದುಡ್ಡಿಲ್ಲದೆ ಅಂಗಡಿಯಲ್ಲೇ ಕೂತು ಓದಿದ ಮನುಷ್ಯ ಅವರು. ಕೊಡುವಾಗ ಷರತ್ತು ಹಾಕಿದರು. ಕಟ್ಟಡ ಊರಿಗೆ ಒಡವೆಯಂತಿರಬೇಕು. ನೂರು ನೂರೈವತ್ತು ಜನ ಮೇಜಿನ ಮುಂದೆ ಕೂತು ಓದುವಷ್ಟು ಜಾಗ ಇರಬೇಕು. ಎಲ್ಲರಿಗೂ ಪೂರ್ತಿ ಉಚಿತವಾಗಿರಬೇಕು.

ಚಂದ, ಜಾಗ, ಎಲ್ಲರಿಗೂ ಪ್ರವೇಶ. ಕೇಳುವಾಗ ಮೂರೂ ಒಂದಕ್ಕೊಂದು ಹೊಂದುವ ಹಾಗೆ ಕಾಣುತ್ತವೆ. ಮುಂದಿನ ಜಗಳವೆಲ್ಲ ಹುಟ್ಟಿದ್ದು ಮೊದಲನೆಯದಕ್ಕೂ ಕೊನೆಯದಕ್ಕೂ ನಡುವೆ.

ಕಾಪ್ಲಿ ಚೌಕದಲ್ಲಿ ಈಗಿರುವ ಹಳೆಯ ಕಟ್ಟಡ ತೆರೆದಿದ್ದು 1895ರಲ್ಲಿ. ವಾಸ್ತುಶಿಲ್ಪಿ ಚಾರ್ಲ್ಸ್ ಮಕ್ಕಿಮ್. ಬಾಗಿಲ ಮೇಲೆ ‘ಎಲ್ಲರಿಗೂ ಮುಕ್ತ’ ಅಂತ ಕೆತ್ತಿಸಿದರು. ಜನರೇ ಕಟ್ಟಿದ್ದು, ವಿದ್ಯೆಗಾಗಿ ಅರ್ಪಿಸಿದ್ದು ಅನ್ನುವ ಅರ್ಥದ ಸಾಲು ಮುಂಗೋಡೆಯಲ್ಲಿದೆ. ಒಳಗೆ ಹೊಕ್ಕರೆ ಮಾತ್ರ ಇಟಲಿಯ ದೊರೆ ಮನೆ. ಹಳದಿ ಅಮೃತಶಿಲೆಯ ಮೆಟ್ಟಿಲು, ಅದರ ಎರಡು ಕಡೆ ಅಮೃತಶಿಲೆಯ ಸಿಂಹಗಳು, ನಡುವೆ ಕಮಾನುಗಳ ಅಂಗಳ. ಲೈಬ್ರರಿ ಕೆಲಸ ಬಲ್ಲವರಿಗೆ ಇದು ಹಿಡಿಸಲಿಲ್ಲ. ಪುಸ್ತಕ ಇಡಲು, ತೆಗೆಯಲು, ಹಂಚಲು ಏನು ಅನುಕೂಲ ಬೇಕೋ ಅದನ್ನು ಕೇಳದೆಯೇ ನಕ್ಷೆ ಬರೆದಿದ್ದಾರೆ ಅಂತ ಗ್ರಂಥಪಾಲಕರ ವಲಯ ಬಹಿರಂಗವಾಗಿಯೇ ಗೊಣಗಿತು. ಅವರ ಗೊಣಗಾಟದಲ್ಲಿ ಅರ್ಥವಿತ್ತು ಅಂತ ನನಗನ್ನಿಸುತ್ತದೆ.

ಇಲ್ಲೊಂದು ತಮಾಷೆ ಹೇಳಿಬಿಡಬೇಕು. ಹೊರಗೋಡೆಯ ಮೇಲೆ ಲೋಕದ ದೊಡ್ಡವರ ಹೆಸರುಗಳನ್ನು ಸಾಲಾಗಿ ಕೆತ್ತಿಸಿದ್ದರು. ಒಂದು ಫಲಕದಲ್ಲಿ ಮೋಸೆಸ್, ಸಿಸೆರೊ, ಕಾಳಿದಾಸ, ಐಸಾಕ್ರಟೀಸ್, ಮಿಲ್ಟನ್ ಹೀಗೆ. ನಮ್ಮ ಕಾಳಿದಾಸ ಬಾಸ್ಟನ್ನಿನಲ್ಲಿ! 1892ರಲ್ಲಿ ಒಂದು ಪತ್ರಿಕೆ ಗುಟ್ಟು ಬಯಲು ಮಾಡಿತು. ಆ ಹೆಸರುಗಳ ಮೊದಲ ಅಕ್ಷರಗಳನ್ನು ಕೂಡಿಸಿ ಓದಿದರೆ ಬರುವುದು ಕಟ್ಟಡದ ನಕ್ಷೆ ಬರೆದ ಕಂಪನಿಯ ಪಾಲುದಾರರ ಹೆಸರು, ಮಕ್ಕಿಮ್, ಮೀಡ್, ವೈಟ್. ಕಾಳಿದಾಸನಿಗೆ ಜಾಗ ಸಿಕ್ಕಿದ್ದು ಶಾಕುಂತಲಕ್ಕಲ್ಲ, ‘ಕೆ’ ಅಕ್ಷರಕ್ಕೆ. ಊರು ನಕ್ಕಿತು, ಬೈಯಿತು, ಕೊನೆಗೆ ಕೆತ್ತನೆ ಅಳಿಸಿ ಬೇರೆ ಮಾಡಬೇಕಾಯಿತು. ಸಾರ್ವಜನಿಕ ಗೋಡೆಯ ಮೇಲೆ ಏನು ಬಂದರೂ ಜನ ಓದುತ್ತಾರೆ, ಅಕ್ಷರ ಅಕ್ಷರ ಓದುತ್ತಾರೆ ಅನ್ನುವುದು ಟ್ರಸ್ಟಿಗಳಿಗೆ ಅಂದೇ ಗೊತ್ತಾಗಬೇಕಿತ್ತು.

ಮಕ್ಕಿಮ್ ಅವರ ಕಲೆಯ ಲೆಕ್ಕಾಚಾರ ಮಾತ್ರ ಜಾಣತನದ್ದು. ಚಿತ್ರಗಳನ್ನು ಎಲ್ಲೆಂದರಲ್ಲಿ ತುಂಬಿಸಲಿಲ್ಲ. ಜನ ಹತ್ತುವ ಕಡೆ ಇಟ್ಟರು, ಕಾಯುವ ಕಡೆ ಇಟ್ಟರು. ಮೆಟ್ಟಿಲ ಮೇಲಿನ ಗೋಡೆಗಳಿಗೆ ಫ್ರಾನ್ಸಿನ ಪ್ಯೂವಿ ದ ಶಾವಾನ್ ತೆಳು ಬಣ್ಣದ ದೊಡ್ಡ ಚಿತ್ರಗಳನ್ನು ಬರೆದರು. ಅವರು ಬಾಸ್ಟನ್ನಿಗೆ ಕಾಲಿಡಲೇ ಇಲ್ಲ. ಕ್ಯಾನ್ವಾಸು ಪ್ಯಾರಿಸಿನಿಂದ ಬಂತು, ಇಲ್ಲಿ ಗೋಡೆಗೆ ಅಂಟಿಸಿದರು. ಪುಸ್ತಕ ಕೊಡುವ ಕೋಣೆಗೆ ಎಡ್ವಿನ್ ಆಸ್ಟಿನ್ ಆ್ಯಬಿ 15 ಚಿತ್ರಗಳಲ್ಲಿ ಹೋಲಿ ಗ್ರೇಲ್ ಎಂಬ ಪವಿತ್ರ ಪಾತ್ರೆಯನ್ನು ಹುಡುಕಿ ಹೊರಟ ವೀರರ ಕತೆ ಬರೆದರು. ಆಗ ಓದುಗರು ಕಪಾಟಿನ ಹತ್ತಿರ ಹೋಗುವಂತಿರಲಿಲ್ಲ. ಚೀಟಿ ಬರೆದು ಕೊಡಬೇಕು, ಅದು ಗಾಳಿ ಒತ್ತಡದ ಕೊಳವೆಯಲ್ಲಿ ಒಳಗೆ ಹೋಗುತ್ತಿತ್ತು, ಪುಸ್ತಕ ಪುಟ್ಟ ಹಳಿ ಬಂಡಿಯಲ್ಲಿ ಬರುತ್ತಿತ್ತು. ಅಷ್ಟು ಹೊತ್ತು ಏನು ಮಾಡುವುದು? ತಲೆ ಎತ್ತಿ ಗೋಡೆ ನೋಡುವುದು. ಹುಡುಕಾಟದ ಕತೆಯನ್ನು ಪುಸ್ತಕಕ್ಕಾಗಿ ಕಾಯುವವರ ತಲೆ ಮೇಲೆ ಇಟ್ಟಿದ್ದು ಒಳ್ಳೆಯ ಯೋಚನೆ ಅಲ್ವಾ?

ಓದುವ ಕೋಣೆ ಬೇಟ್ಸ್ ಹಾಲ್. 218 ಅಡಿ ಉದ್ದ, ಮೇಲೆ 50 ಅಡಿ ಎತ್ತರದ ಕಮಾನು ಛಾವಣಿ. ಅಲ್ಲಿ ಕತೆ ಹೇಳುವ ಭಿತ್ತಿಚಿತ್ರ ಇಲ್ಲ. ಹಾಗಂತ ಯೋಚಿಸಿ ಬಿಟ್ಟದ್ದಲ್ಲ. ಅಮೆರಿಕನ್ ಚಿತ್ರಕಾರ ವಿಸ್ಲರ್ ಅವರಿಂದ ಒಂದು ದೊಡ್ಡ ಚಿತ್ರ ಬರೆಸುವ ಮಾತಿತ್ತು, ಕೈಗೂಡಲಿಲ್ಲ. ಆದರೆ ಅದರಿಂದ ಒಳ್ಳೆಯದೇ ಆಯಿತು. ಓದುವವನ ಕಣ್ಣನ್ನು ಪುಟದಿಂದ ಎಳೆಯುವ ಚಿತ್ರ ಎಷ್ಟು ಚೆನ್ನಾಗಿದ್ದರೂ ಆ ಕೋಣೆಗೆ ಬೇಡ.

ಮೊದಲ ಜಗಳ ಬೇಗ ಮುಗಿಯಿತು

1896ರಲ್ಲಿ ಮಕ್ಕಿಮ್ ಅಂಗಳದ ಕಾರಂಜಿಗೆ ಒಂದು ಕಂಚಿನ ವಿಗ್ರಹ ಕಾಣಿಕೆ ಕೊಟ್ಟರು. ಫ್ರೆಡರಿಕ್ ಮ್ಯಾಕ್‌ಮನೀಸ್ ಮಾಡಿದ ‘ಬಕಾಂಟಿ’. ಗ್ರೀಕರ ಮದ್ಯದೇವತೆಯ ಭಕ್ತೆ, ಬೆತ್ತಲೆ, ಒಂದು ಕಾಲೆತ್ತಿ ಕುಣಿಯುತ್ತ, ಒಂದು ಕೈಯಲ್ಲಿ ಮಗು, ಇನ್ನೊಂದರಲ್ಲಿ ದ್ರಾಕ್ಷಿ ಗೊಂಚಲು. ಪಾದ್ರಿಗಳು, ಪಾನವಿರೋಧಿ ಮಹಿಳಾ ಸಂಘದವರು, ಹಾರ್ವರ್ಡಿನ ಪ್ರೊಫೆಸರುಗಳು ಎಲ್ಲ ತಿರುಗಿಬಿದ್ದರು. ಬೆತ್ತಲೆ ಒಂದೇ ಆಗಿದ್ದರೆ ಸುಮ್ನಿರುತ್ತಿದ್ದರೋ ಏನೋ. ಕುಡಿದು ಕುಣಿಯುವ ಹೆಂಗಸಿನ ಕೈಯಲ್ಲಿ ಮಗು ಇರುವುದು ಸಹಿಸಲಿಲ್ಲ. 1897ರಲ್ಲಿ ಮಕ್ಕಿಮ್ ಬೇಸರದಿಂದ ವಿಗ್ರಹ ವಾಪಸು ಪಡೆದು ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಮ್ಮಿಗೆ ಕೊಟ್ಟರು. ಅಲ್ಲಿ ಅದಕ್ಕೆ ಯಾರೂ ಇಂಥ ಜಗಳ ತೆಗೆಯಲಿಲ್ಲ. ಮ್ಯೂಸಿಯಮ್ಮಿಗೆ ಹೋಗುವವರು ಕಲೆ ನೋಡಲೆಂದೇ ಹೋಗುತ್ತಾರೆ. ಲೈಬ್ರರಿಗೆ ಬರುವವರು ಬೇರೆ ಕೆಲಸಕ್ಕೆ ಬರುತ್ತಾರೆ, ದಾರಿಯಲ್ಲಿ ಕಲೆ ಎದುರಾಗುತ್ತದೆ. ಈ ವ್ಯತ್ಯಾಸ ನೆನಪಿರಲಿ.

ಸಾರ್ಜೆಂಟರ ಹಾಲ್

ಸಾರ್ಜೆಂಟ್ ಹುಟ್ಟಿದ್ದು ಇಟಲಿಯ ಫ್ಲಾರೆನ್ಸಿನಲ್ಲಿ, 1856ರಲ್ಲಿ. ತಂದೆತಾಯಿ ಅಮೆರಿಕದವರು, ಇವರ ಮನೆ ಲಂಡನ್. ಶ್ರೀಮಂತರ ಭಾವಚಿತ್ರ ಬರೆದು ಕೀರ್ತಿ, ದುಡ್ಡು ಎರಡೂ ಗಳಿಸಿದ್ದರು. ಆದರೆ ತಾನು ದೊಡ್ಡ ಚಿತ್ರಕಾರ ಅನ್ನಿಸಿಕೊಳ್ಳಬೇಕಾದರೆ ಗೋಡೆ ಬೇಕು ಅನ್ನುವ ಆಸೆ ಅವರಿಗಿತ್ತು. 1890ರಲ್ಲಿ ಮೇಲಿನ ಮಹಡಿಯ ಉದ್ದನೆಯ ಹಾಲ್ ಅವರ ಪಾಲಿಗೆ ಬಂತು. 84 ಅಡಿ ಉದ್ದ, 23 ಅಡಿ ಅಗಲ, 26 ಅಡಿ ಎತ್ತರ. ವಿಷಯ ಏನು ಅಂತ ಟ್ರಸ್ಟಿಗಳು ಕಟ್ಟಿಹಾಕಲಿಲ್ಲ. ಮೊದಲು ಸ್ಪೇನಿನ ಸಾಹಿತ್ಯ ಬರೆಯುತ್ತೇನೆ ಅಂದಿದ್ದ ಸಾರ್ಜೆಂಟ್ ಆಮೇಲೆ ಮನಸ್ಸು ಬದಲಿಸಿ ಧರ್ಮದ ಇತಿಹಾಸಕ್ಕೆ ಕೈ ಹಾಕಿದರು. ‘ಧರ್ಮದ ವಿಜಯ’ ಅಂತ ಈಗ ಕರೆಯುವುದು ಅದನ್ನೇ.

ಮೊದಲ ಕಂತಿಗೆ 15,000 ಡಾಲರ್ ಒಪ್ಪಂದ. 1895ರಲ್ಲಿ ಉತ್ತರದ ತುದಿಯ ಚಿತ್ರಗಳು ಗೋಡೆಗೇರಿದವು. ಜನ ಎಷ್ಟು ಮೆಚ್ಚಿದರೆಂದರೆ ಊರಿನವರೇ ಚಂದಾ ಎತ್ತಿ ಇನ್ನೂ 15,000 ಡಾಲರ್ ಕೂಡಿಸಿ, ಉಳಿದ ಗೋಡೆಯನ್ನೂ ಬರೆಯಿರಿ ಅಂದರು. ಹೆಚ್ಚು ಮೆಚ್ಚುಗೆಯಾದದ್ದು ಹೀಬ್ರೂ ಪ್ರವಾದಿಗಳ, ಅಂದರೆ ಯೆಹೂದಿ ಧರ್ಮದ ಪ್ರವಾದಿಗಳ ಸಾಲು. ನಡುವೆ ಮೋಸೆಸ್, ಕೈಯಲ್ಲಿ ದೇವರ ಆಜ್ಞೆಯ ಫಲಕಗಳು, ಬಣ್ಣದ ಮೇಲೆ ಉಬ್ಬು ಕೆಲಸ, ಅದಕ್ಕೆ ಬಂಗಾರದ ಹಾಳೆ. ಎರಡೂ ಪಕ್ಕ ಮಿಕ್ಕ ಪ್ರವಾದಿಗಳು. ಕೆಲವರು ತಲೆ ಬಗ್ಗಿಸಿ ಮುಖ ಮುಚ್ಚಿಕೊಂಡಿದ್ದಾರೆ, ಕೊನೆಯಲ್ಲಿರುವವರು ಬೆಳಕಿನ ಕಡೆಗೆ ಕೈ ಚಾಚಿದ್ದಾರೆ. ಇದರ ಪ್ರತಿಗಳು ಅಚ್ಚಾಗಿ ಎಲ್ಲೆಲ್ಲೂ ಹರಡಿದವು. ಸಾರ್ಜೆಂಟ್ ಸುಮ್ನೆ ಬಣ್ಣ ಬಳಿದು ಬಿಡಲಿಲ್ಲ. ಗಾರೆ, ಲೋಹ, ಗಾಜಿನ ಹರಳು ಎಲ್ಲ ಸೇರಿಸಿ, ಮಬ್ಬು ಬೆಳಕಿನಲ್ಲೂ ಅಲ್ಲಲ್ಲಿ ಮಿನುಗುವ ಹಾಗೆ ಮಾಡಿದರು.

ಎರಡನೇ ಕಂತು 1903ರಲ್ಲಿ, ಮೂರನೆಯದು 1916ರಲ್ಲಿ. ಕ್ರೈಸ್ತ ಸಿದ್ಧಾಂತ, ಶಿಲುಬೆ, ಮೇರಿ ಮಾತೆ ಇವೆಲ್ಲ ಅವುಗಳಲ್ಲಿ ಬಂದವು. ಆಗಲೂ ತಕರಾರು ಬರಲಿಲ್ಲ.

1919ರಲ್ಲಿ ಬಂದ ಎರಡು ಚಿತ್ರ

ನಾಲ್ಕನೇ ಕಂತಿನಲ್ಲಿ ಪೂರ್ವದ ಗೋಡೆಗೆ ಎರಡು ಚಿತ್ರ ಬಂದವು. ಒಂದು ‘ಚರ್ಚ್’, ಇನ್ನೊಂದು ‘ಸಿನಗಾಗ್’, ಅಂದರೆ ಯೆಹೂದಿಗಳ ಪ್ರಾರ್ಥನಾ ಮಂದಿರ. ಎರಡೂ ಕೂತ ಹೆಂಗಸಿನ ರೂಪ. ಚರ್ಚ್ ಹರೆಯದ ಹೆಂಗಸು. ಬೆನ್ನು ನೆಟ್ಟಗೆ, ಕಣ್ಣು ಅಗಲ, ನೋಟ ನೇರ. ಮೊಣಕಾಲುಗಳ ನಡುವೆ ಸತ್ತ ಯೇಸು. ಸಿನಗಾಗ್ ಮುದುಕಿ. ಕಣ್ಣಿಗೆ ಬಟ್ಟೆ ಕಟ್ಟಿದೆ. ಕಿರೀಟ ತಲೆಯಿಂದ ಜಾರುತ್ತಿದೆ, ರಾಜದಂಡ ಮುರಿದಿದೆ. ಸುತ್ತ ಗುಡಿ ಕುಸಿಯುತ್ತಿದೆ. ಆಜ್ಞೆಯ ಫಲಕಗಳನ್ನು ಮಾತ್ರ ಎರಡು ಕೈಯಿಂದ ಅವುಚಿಕೊಂಡಿದ್ದಾಳೆ. ಅದೇ ಹಾಲ್‌ನ ಆ ತುದಿಯಲ್ಲಿ ಮೋಸೆಸ್ ಎದೆಯುಬ್ಬಿಸಿ ಹಿಡಿದಿರುವ ಫಲಕಗಳೇ ಇವು ಅನ್ನುವುದನ್ನು ಗಮನಿಸಬೇಕು.

ಈ ಜೋಡಿ ಸಾರ್ಜೆಂಟ್ ಹುಟ್ಟಿಸಿದ್ದಲ್ಲ. ಯುರೋಪಿನ ಮಧ್ಯಯುಗದ ಚರ್ಚುಗಳಲ್ಲಿ ಇದು ಹಳೆಯ ರೂಢಿ. ಸ್ಟ್ರಾಸ್‌ಬರ್ಗ್, ರೀಮ್ಸ್ ಊರುಗಳ ದೊಡ್ಡ ಚರ್ಚುಗಳ ಬಾಗಿಲಲ್ಲಿ ಗೆದ್ದ ಚರ್ಚ್ ಒಂದು ಕಡೆ, ಕಣ್ಣು ಕಟ್ಟಿದ ಸಿನಗಾಗ್ ಇನ್ನೊಂದು ಕಡೆ ಕಲ್ಲಿನಲ್ಲಿ ನಿಂತಿವೆ. ಯೆಹೂದಿಗಳು ಸತ್ಯ ಕಾಣದ ಕುರುಡರು, ಅವರ ಧರ್ಮದ ಕಾಲ ಮುಗಿಯಿತು ಅನ್ನುವುದು ಅದರ ಮಾತು. ಅಲ್ಲಿ ಅದು ಚರ್ಚಿನ ಬಾಗಿಲು. ಇಲ್ಲಿ ಊರಿನ ಲೈಬ್ರರಿ.

ಬಾಸ್ಟನ್ನಿನ ಯೆಹೂದಿಗಳಿಗೆ ಆ ಲೈಬ್ರರಿ ಏನಾಗಿತ್ತು ಅನ್ನುವುದಕ್ಕೆ ಮೇರಿ ಆ್ಯಂಟಿನ್ ಒಬ್ಬರ ಬರಹ ಸಾಕು. ರಷ್ಯಾದ ಆಳ್ವಿಕೆಯ ಊರಿನಿಂದ ವಲಸೆ ಬಂದ ಬಡ ಯೆಹೂದಿ ಹುಡುಗಿ. 1912ರಲ್ಲಿ ಬಂದ ಆತ್ಮಕತೆಯಲ್ಲಿ ಈ ಕಟ್ಟಡವನ್ನು ತನ್ನ ಅರಮನೆ ಅಂತ ಬರೆದುಕೊಂಡರು. ಮೆಟ್ಟಿಲನ್ನು ಬೇಕೆಂದೇ ನಿಧಾನವಾಗಿ ಹತ್ತುತ್ತ, ‘ಎಲ್ಲರಿಗೂ ಮುಕ್ತ’ ಎಂಬುದನ್ನು ಮತ್ತೆ ಮತ್ತೆ ಓದುತ್ತ, ಕೊಳೆಗೇರಿಯಲ್ಲಿ ವಾಸ ಇದ್ದರೂ ಇದು ನನ್ನದು ಅಂದುಕೊಂಡವರು. ಅಂಥ ಮನೆಯ ಮಕ್ಕಳು 1919ರ ನಂತರ ಅದೇ ಮೆಟ್ಟಿಲು ಹತ್ತಿದರೆ ಎದುರಿಗೆ ಕಾಣುವುದು ಕಣ್ಣು ಕಟ್ಟಿದ ಮುದುಕಿ.

ಕಾಲವೂ ಚೆನ್ನಾಗಿರಲಿಲ್ಲ. ಯುದ್ಧ ಆಗತಾನೆ ಮುಗಿದಿತ್ತು, ವಲಸೆ ಬಂದವರ ಮೇಲೆ ಸಿಟ್ಟು ಬೆಳೆಯುತ್ತಿತ್ತು. 1921ರಲ್ಲಿ, ಮತ್ತೆ 1924ರಲ್ಲಿ ವಲಸೆಗೆ ಬಿಗಿ ಕಾನೂನು ಬಂದವು. 1922ರಲ್ಲಿ ನದಿಯಾಚೆಯ ಹಾರ್ವರ್ಡಿನಲ್ಲಿ ಯೆಹೂದಿ ವಿದ್ಯಾರ್ಥಿಗಳ ಸಂಖ್ಯೆಗೆ ಮಿತಿ ಹಾಕಬೇಕು ಅಂತ ಅಲ್ಲಿನ ಅಧ್ಯಕ್ಷರೇ ಹೊರಟಿದ್ದರು. ಚಿತ್ರವನ್ನು ಬರೀ ಚಿತ್ರ ಅಂತ ನೋಡುವ ಸಲಹೆ ಕೊಡುವುದು ಸುಲಭ. ಇಷ್ಟೆಲ್ಲ ಸುತ್ತ ನಡೆಯುತ್ತಿರುವಾಗ ಅದನ್ನು ಪಾಲಿಸುವುದು ಯಾರಿಂದಾಗುತ್ತದೆ?

ಆಕ್ಷೇಪ ತಡವಾಗಲಿಲ್ಲ. ಚಿತ್ರ ಗೋಡೆಗೇರಿದ ತಿಂಗಳೇ ಶುರು. ಸಾರ್ಜೆಂಟ್ ಗೆಳೆಯನೊಬ್ಬನಿಗೆ ಬರೆದ ಕಾಗದದಲ್ಲಿ ತಲೆನೋವು ತೋಡಿಕೊಂಡಿದ್ದಾರೆ. ಯೆಹೂದಿ ಮುಖಂಡರೊಬ್ಬರು ನಾಳೆ ಬಂದು ವಿವರಣೆ ಕೇಳುತ್ತಾರಂತೆ, ರೀಮ್ಸ್, ಸ್ಟ್ರಾಸ್‌ಬರ್ಗ್ ಚರ್ಚುಗಳ ಕಡೆ ಕೈ ತೋರಿಸುವುದು ಬಿಟ್ಟು ನಾನೇನು ಹೇಳಲಿ ಅನ್ನುವ ಧಾಟಿ. ಪುಣ್ಯಕ್ಕೆ ಟ್ರಸ್ಟಿಗಳು ಚಿತ್ರ ಇರಲಿ ಅಂದಿದ್ದಾರೆ ಅಂತಲೂ ಇದೆ. ಈ ಕಾಗದ ಓದಿದರೆ ಸಾರ್ಜೆಂಟ್ ಕೆಟ್ಟ ಮನಸ್ಸಿನಿಂದ ಬರೆದರು ಅಂತ ಅನ್ನಿಸುವುದಿಲ್ಲ. ಯೆಹೂದಿ ಗೆಳೆಯರು ಅವರಿಗೆ ಬೇಕಷ್ಟಿದ್ದರು. ಆದರೆ ಎದುರಿನವರಿಗೆ ಏನು ನೋವಾಯಿತು ಅನ್ನುವುದು ಕೊನೆಗೂ ಅವರ ತಲೆಗೆ ಹೋದಂತಿಲ್ಲ. ಹಳೆಯ ಕಲ್ಲಿನ ಕೆತ್ತನೆ ಇದೆ ಅನ್ನುವುದು ಉತ್ತರವೇ ಅಲ್ಲ. ಆಕ್ಷೇಪ ಇದ್ದದ್ದೇ ಆ ಹಳೆಯ ಕೆತ್ತನೆಯ ಮಾತನ್ನು ಇಲ್ಲಿ ತಂದಿಟ್ಟದ್ದಕ್ಕೆ.

ಕಲಾವಿಮರ್ಶಕರು ಸಾರ್ಜೆಂಟ್ ಪರವಾಗಿ ಹೇಳುವ ಇನ್ನೊಂದು ಮಾತು ಹೆಚ್ಚು ಗಟ್ಟಿ. ಇಡೀ ಹಾಲ್‌ನ ಕತೆ ಹೊರಗಿನ ಆಚಾರದಿಂದ ಒಳಗಿನ ಭಕ್ತಿಯ ಕಡೆಗೆ ಸಾಗುತ್ತದೆ. ಹಾಗಾಗಿ ಚರ್ಚ್ ಕೂಡ ಅಲ್ಲಿ ಗೆದ್ದವಳಲ್ಲ, ಸೆಟೆದು ಕೂತ ಇನ್ನೊಂದು ಸಂಸ್ಥೆ ಅಷ್ಟೇ. ಇವೆರಡರ ನಡುವಿನ ದೊಡ್ಡ ಜಾಗದಲ್ಲಿ ಯೇಸುವಿನ ಗಿರಿ ಪ್ರವಚನ ಬರಬೇಕಿತ್ತು, ಯಾವ ಸಂಸ್ಥೆಯೂ ಇಲ್ಲದ, ಬಯಲಲ್ಲಿ ಕೂತ ಜನರ ಚಿತ್ರ. ನಾನು ಇದನ್ನು ಅರ್ಧ ಒಪ್ಪುತ್ತೇನೆ. ಕಲಾವಿದನ ಮನಸ್ಸಿನಲ್ಲಿರುವ, ಇನ್ನೂ ಬರೆಯದ ಚಿತ್ರವನ್ನು ಲೆಕ್ಕಕ್ಕೆ ಹಿಡಿದು ಬರೆದ ಚಿತ್ರವನ್ನು ಕ್ಷಮಿಸಿ ಅಂತ ದಾರಿಹೋಕ ಓದುಗನನ್ನು ಕೇಳುವುದು ಹೇಗೆ?

ಕಾನೂನು, ಶಾಯಿ, ಮೌನ

ಟ್ರಸ್ಟಿಗಳು ಕದಲಲಿಲ್ಲ. ಕೂತು ಮಾತಾಡುವ ದಾರಿ ಮುಚ್ಚಿದಾಗ ವಿಷಯ ಶಾಸನಸಭೆಗೆ ಹೋಯಿತು. ಊರಿನ ಎಲ್ಲರ ಹಣದಲ್ಲಿ ನಡೆಯುವ ಕಟ್ಟಡ ಒಂದು ಧರ್ಮವನ್ನು ಮೇಲೆ, ಇನ್ನೊಂದನ್ನು ಕೆಳಗೆ ತೋರಿಸಬಾರದು ಅನ್ನುವ ವಾದ. 1922ರ ಕಾನೂನು ಬಂದದ್ದು ಹೀಗೆ. ಚಿತ್ರವನ್ನು ಶಿಕ್ಷಣದ ಉಪಯೋಗಕ್ಕೆಂದು ರಾಜ್ಯ ವಶಪಡಿಸಿಕೊಳ್ಳುವುದು ಅಂತ ಬರೆದರು. ಸ್ವಾಧೀನಕ್ಕೆ ಸಾರ್ವಜನಿಕ ಉದ್ದೇಶ ಒಂದು ಬೇಕಲ್ಲ, ಅದಕ್ಕೆ ಹುಡುಕಿದ ನೆಪ ಇದು. ನಿಜವಾದ ಉದ್ದೇಶ ತೆಗೆಸುವುದು ಅಂತ ಎಲ್ಲರಿಗೂ ಗೊತ್ತಿತ್ತು. ಸಂವಿಧಾನದ ಮುಂದೆ ಇದು ನಿಲ್ಲುವ ಹಾಗಿರಲಿಲ್ಲ. 1924ರಲ್ಲಿ ಕಾನೂನನ್ನೇ ರದ್ದು ಮಾಡಿದರು. ಅದೇ ವರ್ಷ ಯಾರೋ ‘ಸಿನಗಾಗ್’ ಮೇಲೆ ಶಾಯಿ ಎರಚಿದರು. ಅದನ್ನು ಒರೆಸಿ ಸರಿಮಾಡಿದರು.

ಲೈಬ್ರರಿ ಕೆಲಸ ಮಾಡುವವರಿಗೆ ಇಲ್ಲಿ ಒಂದು ನಿಜವಾದ ಗೊಂದಲ ಇದೆ. ಕಪಾಟಿನಲ್ಲಿ ಯಾವುದೋ ಜನಾಂಗವನ್ನು ಬೈಯುವ ಪುಸ್ತಕ ಇದ್ದರೆ ಒಳ್ಳೆಯ ಗ್ರಂಥಪಾಲಕರು ಅದನ್ನು ಕಿತ್ತು ಹಾಕುವುದಿಲ್ಲ. ಇತಿಹಾಸ ಓದುವವನಿಗೆ ಅದು ಬೇಕು, ಅದಕ್ಕೆ ಉತ್ತರ ಬರೆಯುವವನಿಗೂ ಬೇಕು. ಬೇಡದವರು ಮುಟ್ಟದಿದ್ದರಾಯಿತು. ಹಾಗಾದರೆ ಚಿತ್ರಕ್ಕೆ ಯಾಕೆ ಬೇರೆ ನ್ಯಾಯ ಅಂತ ಅಂದಿನ ಟ್ರಸ್ಟಿಗಳ ಪರ ನಿಂತು ಕೇಳಬಹುದು.

ನನ್ನ ಪ್ರಕಾರ ಬೇರೆ ನ್ಯಾಯವೇ ಬೇಕು. ಪುಸ್ತಕದ ಮಾತು ಅದನ್ನು ಬರೆದವರದು. ಕಪಾಟಿನಲ್ಲಿ ಪಕ್ಕದಲ್ಲೇ ಅದಕ್ಕೆ ಎದುರು ವಾದದ ಪುಸ್ತಕ ಇರುತ್ತದೆ. ಗೋಡೆಗೆ ಅಂಟಿಸಿದ ಚಿತ್ರದ ಪಕ್ಕ ಎದುರು ಚಿತ್ರ ಇಲ್ಲ. ಅದನ್ನು ತೆರೆಯದೆ ಹೋಗುವ ಆಯ್ಕೆಯೂ ಇಲ್ಲ. ಅದು ಲೈಬ್ರರಿಯೇ ಆಡಿದ ಮಾತಾಗಿ ಕೇಳಿಸುತ್ತದೆ. ಹಾಗಾಗಿ ಗೋಡೆಗೆ ಏನು ಬರಬೇಕು ಅನ್ನುವಾಗ ಪುಸ್ತಕ ಕೊಳ್ಳುವಾಗಿನ ಧಾರಾಳತನ ಸಾಲದು. ಬರೆಸುವ ಮೊದಲೇ ಕೇಳಬೇಕಿತ್ತು. ಕರಡು ಚಿತ್ರವನ್ನು ಊರಿಗೆ ತೋರಿಸಬೇಕಿತ್ತು. 29 ವರ್ಷ ನಡೆದ ಕೆಲಸದಲ್ಲಿ ಅದಕ್ಕೆ ಪುರುಸೊತ್ತು ಇರಲಿಲ್ಲ ಅನ್ನುವಂತಿಲ್ಲ.

ಹಾಗಂತ ಕಾನೂನು ಮಾಡಿ ಕೀಳಿಸುವುದನ್ನು ನಾನು ಒಪ್ಪುವುದಿಲ್ಲ. ಇವತ್ತು ಈ ಚಿತ್ರಕ್ಕೆ, ನಾಳೆ ಯಾವ ಪುಸ್ತಕಕ್ಕೆ ಅನ್ನುವ ಭಯ ಸುಳ್ಳಲ್ಲ. ಕ್ಯಾನ್ವಾಸನ್ನು ಸೀಸದ ಬಿಳಿ ಅಂಟಿನಿಂದ ಗೋಡೆಗೆ ಕೂರಿಸಿರುವುದರಿಂದ ಕಿತ್ತರೆ ಚಿತ್ರಕ್ಕೆ ಏಟು ಬೀಳುವ ಅಪಾಯವೂ ಇದೆ. ಟ್ರಸ್ಟಿಗಳು ಚಿತ್ರ ಉಳಿಸಿದ್ದು ತಪ್ಪಲ್ಲ. ಉಳಿಸಿ ಸುಮ್ಮನಾದದ್ದು ತಪ್ಪು. ಅಲ್ಲೇ ಒಂದು ಫಲಕ ಹಾಕಿ, ಈ ಜೋಡಿ ಎಲ್ಲಿಂದ ಬಂತು, ಅದರಿಂದ ಯಾರಿಗೆ ಏನಾಯಿತು, ಊರಿನವರು ಯಾಕೆ ಸಿಟ್ಟಾದರು ಅಂತ ಬರೆಯಬಹುದಿತ್ತು. ಆ ಹಾಲ್‌ನಲ್ಲೇ ಯೆಹೂದಿ ವಿದ್ವಾಂಸರನ್ನು ಕರೆದು ಮಾತಾಡಿಸಬಹುದಿತ್ತು. ಬರೆದದ್ದನ್ನು ವಿವರಿಸುವುದೇ ಲೈಬ್ರರಿಯ ಕಸುಬು, ಅದನ್ನು ಗೋಡೆಯ ವಿಷಯದಲ್ಲಿ ಮರೆತರು.

ಗಿರಿ ಪ್ರವಚನದ ಚಿತ್ರ ಬರಲೇ ಇಲ್ಲ. ಸಾರ್ಜೆಂಟ್ ಅದಕ್ಕೆ ಕರಡು ಮಾಡಿದ್ದರು. ಆದರೆ ಅದೇ ಹೊತ್ತಿಗೆ ಬಾಸ್ಟನ್ನಿನ ಲಲಿತಕಲಾ ಮ್ಯೂಸಿಯಮ್ಮಿನ ಛಾವಣಿ, ಹಾರ್ವರ್ಡಿನ ವೈಡನರ್ ಲೈಬ್ರರಿಯ ಗೋಡೆ ಅವರ ಕೈಯಲ್ಲಿದ್ದವು. ಗಲಾಟೆಯಿಂದ ಮನಸ್ಸು ಮುರಿದು ಕೈಬಿಟ್ಟರು ಅಂತ ಒಂದು ವಾದ ಇದೆ, ನನಗೂ ಅದೇ ಸರಿ ಅನ್ನಿಸುತ್ತದೆ. 1925ರ ಏಪ್ರಿಲ್‌ನಲ್ಲಿ ಲಂಡನ್ನಿನಲ್ಲಿ ತೀರಿಕೊಂಡರು. ನಡುವಿನ ಜಾಗ ಖಾಲಿ ಉಳಿಯಿತು. ಇದರಿಂದ ಒಂದು ವಿಪರ್ಯಾಸ ಆಯಿತು. ಎರಡೂ ಪಕ್ಕದ ಹೆಂಗಸರನ್ನು ಮೀರಿಸಬೇಕಿದ್ದ ಚಿತ್ರವೇ ಇಲ್ಲದ್ದರಿಂದ ನೋಡುವವರಿಗೆ ಉಳಿದದ್ದು ಬರೀ ಮಧ್ಯಯುಗದ ಆ ಹಳೆಯ ಜೋಡಿ.

ಈಗ

2003–04ರಲ್ಲಿ ಹಾರ್ವರ್ಡಿನ ಸ್ಟ್ರಾಸ್ ಸಂರಕ್ಷಣಾ ಕೇಂದ್ರದವರು ಹಾಲ್ ಪೂರ್ತಿ ಶುಚಿ ಮಾಡಿದರು. ಹಳೆಯ ಕೊಳೆ ಹೋಗಿ ಬಂಗಾರ, ಹರಳು ಮತ್ತೆ ಕಾಣತೊಡಗಿದವು. ‘ಸಿನಗಾಗ್’ ಕೂಡ ಮಿಕ್ಕವುಗಳ ಜೊತೆಗೇ ಶುಚಿಯಾಯಿತು, ತನ್ನ ಜಾಗದಲ್ಲೇ ಇದೆ. ‘ಬಕಾಂಟಿ’ಯ ಪ್ರತಿಯೊಂದು ಈಗ ಅಂಗಳದ ಕಾರಂಜಿಗೆ ವಾಪಸು ಬಂದಿದೆ. ಅದನ್ನು ನೋಡಿ ಯಾರೂ ಕೆಂಪಾಗುವುದಿಲ್ಲ, ಪಕ್ಕದಲ್ಲಿ ಕೂತು ಊಟದ ಡಬ್ಬಿ ಬಿಚ್ಚುತ್ತಾರೆ. ಬೆತ್ತಲೆಯ ಬಗ್ಗೆ ಊರಿನ ಅಭಿಪ್ರಾಯ ಬದಲಾಯಿತು, ಜಗಳ ತಾನಾಗಿ ಕರಗಿತು. ‘ಸಿನಗಾಗ್’ ವಿಷಯದಲ್ಲಿ ಹಾಗಾಗುವುದಿಲ್ಲ. ಆ ಚಿತ್ರದ ನಂತರ ಯುರೋಪಿನಲ್ಲಿ ಯೆಹೂದಿಗಳಿಗೆ ಏನಾಯಿತು ಅಂತ ಗೊತ್ತಿರುವವರಿಗೆ ಇವತ್ತು ಅದನ್ನು ನೋಡುವುದು 1919ಕ್ಕಿಂತ ಕಷ್ಟ.

ಕಟ್ಟಡದ ಕಲೆ ತೋರಿಸಲು ಲೈಬ್ರರಿ ಉಚಿತ ಸುತ್ತಾಟಗಳನ್ನು ನಡೆಸುತ್ತದೆ, ಸ್ವಯಂಸೇವಕರು ಕರೆದುಕೊಂಡು ಹೋಗಿ ವಿವರಿಸುತ್ತಾರೆ. ಬಾಸ್ಟನ್ನಿನಲ್ಲಿರುವ ಕನ್ನಡದವರು ಬೇಟ್ಸ್ ಹಾಲ್‌ನ ಹಸಿರು ದೀಪಗಳ ಮುಂದೆ ಫೋಟೊ ತೆಗೆಸಿಕೊಂಡು ವಾಪಸಾಗುವ ಬದಲು ಇನ್ನೊಂದು ಮಹಡಿ ಹತ್ತಬೇಕು. ಮೊದಲು ಪ್ರವಾದಿಗಳ ತುದಿಗೆ ಹೋಗಿ ಮೋಸೆಸ್ ಕೈಯಲ್ಲಿರುವ ಫಲಕಗಳನ್ನು ನೋಡಿ, ಆಮೇಲೆ ಪೂರ್ವದ ಗೋಡೆಗೆ ಬನ್ನಿ. ಆ ಕ್ರಮದಲ್ಲಿ ನೋಡಿದರೆ ಯೆಹೂದಿಗಳಿಗೆ ಸಿಟ್ಟು ಬಂದದ್ದು ಯಾಕೆ ಅನ್ನುವುದಕ್ಕೆ ಗೈಡ್ ಜಾಸ್ತಿ ಹೇಳಬೇಕಾಗುವುದಿಲ್ಲ.